ರಾಣಿಗೆ ಗಂಧ ಹಿಡಿಯುವ ಕ್ರಮ ಇಲ್ಲ

ಬೀಡಿನ ಮನೆ, ಬೆಳ್ತಂಗಡಿ ತಾಲೂಕು
೧೪ ನವೆಂಬರ್ ೨೦೨೪, ಗುರುವಾರ

ನನ್ನ ಮುದ್ದು ಪ್ರಾಪ್ತಿ,

ಬರುವ ಆದಿತ್ಯವಾರ ಅಶ್ವಿತ್ ಜೊತೆ ನಿನ್ನ ನಿಶ್ಚಿತಾರ್ಥ. ಬೇಡ. ಈ ಮನೆಗೆ ಬರಬೇಡ ಮಾರಾಯ್ತಿ. ಹುಡುಗ ಕೆಟ್ಟವನೆಂದು ನಾನು ಹೇಳುವುದಿಲ್ಲ. ಆದರೆ ಅವನ ಸೋದರಮಾವನನ್ನು ಕಟ್ಟಿಕೊಂಡವಳು ನಾನು, ನನ್ನ ಮಾತು ಕೇಳು.

ಮೂರು ವರ್ಷದ ಹಿಂದೆ ನನ್ನ ಗಂಡ ಗಡಿ ಹಿಡಿದು ಬೀಡಿನ ಅರಸರಾದ ದಿನ ಮೂಡುಬಿದಿರೆಯಿಂದ ನೀವೆಲ್ಲ ಬಂದಿದ್ದಿರಿ. ಅಂದಿನಿಂದ ಧನರಾಜ್ ಎಂಬ ಇವರ ಹುಟ್ಟುಹೆಸರು ಇಲ್ಲಿ ಯಾರ ಬಾಯಲ್ಲೂ ಬರುವಂತಿಲ್ಲ, ಅರಸರು ಎಂದೇ ಕರೆಯಬೇಕು. ನೀನು ನನ್ನನ್ನು ರಾಣಿ ಎಂದು ತಮಾಷೆ ಮಾಡಿದ್ದೆ. ಎಂಥ ರಾಣಿ! ಅಳಿಯಕಟ್ಟಿನ ಮನೆ ಇದು. ಬೀಗದ ಕೈ ಇವರ ಅಕ್ಕನಿಗೆ, ಮುಂದಿನ ಪಟ್ಟ ಅಕ್ಕನ ಮಗ ಅಶ್ವಿತ್‌ಗೆ. ನನಗೆ ಸಿಕ್ಕಿದ್ದು ದಿನಾ ಸಂಜೆ ಚಾವಡಿಯಲ್ಲಿ ಇವರ ಕಾಲಿಗೆ ನೀರು ಹೊಯ್ಯುವ ಕೆಲಸ. ನೀರು ತಣ್ಣಗಿದ್ದರೆ ಚೊಂಬನ್ನು ಒದೆಯುತ್ತಾರೆ. ಆ ಕಾಲುಬೆರಳುಗಳನ್ನು ಕಂಡರೇ ನನಗೆ ವಾಕರಿಕೆ.

ಅದನ್ನಾದರೂ ಸಹಿಸಿಕೊಂಡಿದ್ದೆ. ಅಡುಗೆಗೆ ಬರುತ್ತಿದ್ದ ಸೇಸಮ್ಮ ನೆನಪುಂಟಲ್ಲ, ನಿನಗೆ ಪತ್ರೊಡೆ ಕಟ್ಟಿಕೊಟ್ಟವಳು? ಅವಳ ಮನೆಯ ಜಾಗ ಇವರಿಗೆ ಬೇಕಾಯಿತು. ಅವಳು ಕೊಡಲಿಲ್ಲ. ಒಂದು ಬೆಳಿಗ್ಗೆ ಇವರು ಅಮ್ಮ ಕೊಟ್ಟ ನನ್ನ ಚಿನ್ನದ ಅವಲಕ್ಕಿ ಸರವನ್ನು ತಮ್ಮ ಕಪಾಟಿನಲ್ಲಿಟ್ಟು, ಸೇಸಮ್ಮ ಬಂದು ಹೋದ ಮೇಲೆ ಸರ ಕಾಣುವುದಿಲ್ಲ ಎಂದು ಹೇಳು ಎಂದರು. ಹೇಳಿದೆ. ಪ್ರಾಪ್ತಿ, ನಾನೇ ಹೇಳಿದೆ.

ಊರವರನ್ನು ಸೇರಿಸಿ ಸೇಸಮ್ಮನನ್ನು ದೈವದ ಗುಡಿಯೆದುರು ನಿಲ್ಲಿಸಿದರು. ಅವಳು ಹೆದರಲಿಲ್ಲ. ದೈವದ ಗಂಧ ಹಿಡಿದು, ತಾನು ಕದ್ದಿಲ್ಲ ಎಂದು ಆಣೆ ಹಾಕಿದಳು. ಮತ್ತೆ ನನ್ನ ಕಡೆ ತಿರುಗಿ, “ಅಕ್ಕನೂ ಒಮ್ಮೆ ಗಂಧ ಹಿಡಿದು ಹೇಳಲಿ. ನಾನು ನಾಳೆಯೇ ಜಾಗ ಬಿಟ್ಟು ಹೋಗ್ತೇನೆ” ಎಂದಳು. ಇವರು ನಕ್ಕರು. ಮದುವೆಯಾಗಿ ಬಂದ ಹೆಂಗಸು ಈ ಬೀಡಿನ ಗಂಧ ಹಿಡಿಯುವ ಕ್ರಮ ಇಲ್ಲ, ಅವಳ ಮನೆಯ ದೈವ ಬೇರೆ ಎಂದರು. ಹಿರಿಯರೆಲ್ಲ ಹೌದೆಂದು ತಲೆಯಾಡಿಸಿದರು. ಥೂ! ಆಗ ನನಗೆ ಏನಾಯಿತು ಗೊತ್ತುಂಟಾ? ಸಮಾಧಾನವಾಯಿತು. ಸದ್ಯ ಬಚಾವಾದೆ ಅಂದುಕೊಂಡೆ. ಇವರ ಮೇಲಿನ ಹೇಸಿಗೆಯಾದರೂ ಸಂಜೆ ಮಾತ್ರ ಬರುತ್ತದೆ, ನನ್ನ ಮೇಲಿನದ್ದು ಅನ್ನದ ತುತ್ತಿಗೂ ಅಂಟಿಕೊಂಡಿದೆ.

ಕಳ್ಳಿ ಎಂದು ಅವಳನ್ನು ಜಾಗ ಬಿಡಿಸಿ ಓಡಿಸಿದರು. ಸೇಸಮ್ಮ ಈಗ ವಿಟ್ಲದಲ್ಲಿ ತನ್ನ ತಂಗಿಯ ಮನೆಯಲ್ಲಿದ್ದಾಳೆ, ಠಾಣೆಗೆ ದೂರು ಕೊಡುತ್ತಾಳಂತೆ. ಅವಳ ಪರ ಸಾಕ್ಷಿ ಹೇಳಬಲ್ಲವಳು ನಾನೊಬ್ಬಳೇ. ಅದಕ್ಕೇ ಈ ಸಂಬಂಧ. ನಿನ್ನೆ ಇವರು ಅಕ್ಕನ ಹತ್ತಿರ, ನನಗೆ ಕೇಳಲಿ ಎಂದೇ, “ಇವಳ ತಂಗಿ ಒಮ್ಮೆ ಒಳಗೆ ಬರಲಿ. ಮತ್ತೆ ಇವಳು ಹೇಗೆ ಬಾಯಿ ಬಿಡ್ತಾಳೆ ನೋಡುವ” ಎಂದರು.

ನೀನು ಒಲ್ಲೆ ಎಂದರೆ ನಾನು ಠಾಣೆಯ ಮೆಟ್ಟಿಲು ಹತ್ತುತ್ತೇನೆ. ನೀನು ಇಲ್ಲಿದ್ದರೆ ಹತ್ತುವುದಿಲ್ಲ. ನನ್ನ ಧೈರ್ಯ ಎಷ್ಟೆಂದು ನನಗೆ ಗೊತ್ತುಂಟು. ರವಿಕೆ ಹೊಲಿಯುವ ಸಾಲಿಹಾ ನಾಳೆ ಬಟ್ಟೆ ಕೊಡುವ ನೆವದಲ್ಲಿ ಇದನ್ನು ತರುತ್ತಾಳೆ. ಉತ್ತರ ಅವಳ ಬಾಯಲ್ಲೇ ಹೇಳಿಕಳಿಸು.

ನಿನ್ನ ಅಕ್ಕ, ಮತ್ತೇನೂ ಅಲ್ಲದವಳು,
ಜ್ಯೋತ್ಸ್ನಾ

ತಾ.ಕ.: ಕಳೆದ ವಾರ “ಹುಡುಗ ಅಪರಂಜಿ, ಕಣ್ಣು ಮುಚ್ಚಿ ಒಪ್ಪಿಕೋ” ಎಂದು ನನ್ನ ನಂಬರಿನಿಂದ ಬಂದ ಮೆಸೇಜು ನಾನು ಬರೆದದ್ದಲ್ಲ. ದೀಪಾವಳಿಯಿಂದ ನನ್ನ ಫೋನು ಇವರ ಕೈಯಲ್ಲಿ ಉಂಟು. “ಅಕ್ಕ ಇದ್ದಾಳಲ್ಲ, ನನಗೇನು ಹೆದರಿಕೆ” ಎಂದು ನೀನು ಕಳಿಸಿದ ಉತ್ತರವನ್ನು ಇವರು ಊಟಕ್ಕೆ ಕೂತು ಎಲ್ಲರಿಗೂ ಗಟ್ಟಿಯಾಗಿ ಓದಿದರು. ಬಡಿಸುತ್ತಿದ್ದವಳು ನಾನು.