ತಟ್ಟೆಯಲ್ಲಿ ಮೇಷ್ಟ್ರ ಗಡ್ಡೆ

ನವೆಂಬರ್ ೧೪, ಗುರುವಾರ

ಇಂದೂ ನನ್ನ ಹಳೆಯ ಮೇಷ್ಟ್ರ ಕ್ಯಾನ್ಸರ್ ಗಡ್ಡೆಗೆ ಉಣಿಸಿ ಬಂದೆ. ಆಸ್ಪತ್ರೆಯವರು ಅವರ ಕರುಳಿನಿಂದ ಕತ್ತರಿಸಿ ಕಳಿಸಿದ ಚೂರು ನನ್ನ ಪ್ರಯೋಗಾಲಯದ ತಟ್ಟೆಯಲ್ಲಿ ಪುಟ್ಟ ಗುಳ್ಳೆಗಳಾಗಿ ಬೆಳೆಯುತ್ತಿದೆ. ಮುಂದೆ ಅವುಗಳ ಮೇಲೆ ಒಂದೊಂದೇ ಔಷಧಿ ಹಾಕಿ, ಯಾವುದಕ್ಕೆ ಸಾಯುತ್ತವೋ ಅದನ್ನು ಅವರಿಗೆ ಕೊಡುವುದು. ದಿನ ಬಿಟ್ಟು ದಿನ ಪೋಷಕದ್ರವ ಬದಲಿಸದಿದ್ದರೆ ಗುಳ್ಳೆಗಳು ಸುಮ್ಮನೆ ಸತ್ತುಹೋಗುತ್ತವೆ. ಆಮೇಲೆ ವೈದ್ಯರು ಊಹೆಯ ಮೇಲೆ ನಡೆಯಬೇಕು. ಯಾಕೆ ಸತ್ತವೆಂದು ನನ್ನನ್ನು ಯಾರೂ ಕೇಳುವುದಿಲ್ಲ. ತಟ್ಟೆಗಳು ಸಾಯುವುದು ಮಾಮೂಲು.

ಈ ವಿಧಾನವನ್ನು ನಾನು ಮೊದಲು ತೋರಿಸಿದ ದಿನ ತುಂಬಿದ ಸಭೆಯಲ್ಲಿ ಮೇಷ್ಟ್ರು ಕೇಳಿದ್ದರು, "ಏನಮ್ಮಾ, ಕರುಳಿಗೆ ತೊಟ್ಟಿಲು ಕಟ್ಟಿದೀಯಾ? ಲಾಲಿನೂ ಹಾಡ್ತೀಯೋ?" ಎಲ್ಲರೂ ನಕ್ಕರು. ಮರುವಾರ ನನ್ನನ್ನು ಅವರ ಪ್ರಯೋಗಾಲಯದಿಂದ ತೆಗೆದರು.

ಅಂದು ಅವರ ಹೊಟ್ಟೆಯಲ್ಲಿದ್ದ ಕರುಳಿನ ಒಳಪದರ ವಾರದೊಳಗೆ ಉದುರಿಹೋಗಿರುತ್ತದೆ. ಆ ಪದರದ ಸಣ್ಣ ಗುಳಿಗಳ ತಳದಲ್ಲಿ ಕೂತ ಕಾಂಡಕೋಶಗಳು ಮಾತ್ರ ಉಳಿದು, ಹೊಸ ಪದರವನ್ನು ಹೆರುತ್ತಲೇ ಇರುತ್ತವೆ. ಅವುಗಳಲ್ಲೊಂದು ನಿಲ್ಲಿಸುವುದನ್ನು ಮರೆತರೆ ಗಡ್ಡೆ. ಸಿಟ್ಟೂ ಹಾಗೆಯೇ ತಳದಲ್ಲಿ ಕೂರುತ್ತದೆ.

ಮಧ್ಯಾಹ್ನ ಮೇಷ್ಟ್ರು ಫೋನ್ ಮಾಡಿದ್ದರು. ದನಿ ಸಣ್ಣಗಾಗಿದೆ.

"ಹೇಗಿದೆಯಮ್ಮಾ ನಂದು?"

"ಚೆನ್ನಾಗಿ ಬೆಳೀತಿದೆ ಸಾರ್."

"ಅವತ್ತು ಸಭೇಲಿ ನಾನು ಹಾಗನ್ನಬಾರದಿತ್ತು..."

"ಯಾವತ್ತು ಸಾರ್? ನಂಗೇನೂ ನೆನಪಿಲ್ವಲ್ಲ."

ಕ್ಷಮೆ ಕೇಳಲು ಬಿಡಲಿಲ್ಲ. ಅದನ್ನು ಅವರೇ ಹೊಟ್ಟೆಯಲ್ಲಿಟ್ಟುಕೊಳ್ಳಲಿ.

ಶನಿವಾರ ಮತ್ತೆ ಉಣಿಸುತ್ತೇನೆ, ಒಂದು ಹನಿಯೂ ತಪ್ಪದಂತೆ. ಅವರು ಬದುಕಬೇಕು, ಬಹಳ ವರ್ಷ. ಹೇಗೆ ಉಳಿದಿರಿ ಎಂದು ಯಾರು ಕೇಳಿದರೂ ನನ್ನ ಹೆಸರನ್ನೇ ಹೇಳಬೇಕು. ಹೇಳುವಾಗ ಅವರ ಬಾಯಿ ಪ್ರತಿಸಲವೂ ಕಹಿಯಾಗಬೇಕು.