ಅಲ್ಲಿ ಚಳಿಯೇ ಇಲ್ಲವಂತೆ

ಜವರಣ್ಣ,

ಜೈಲಿನಲ್ಲಿ ಜ್ವರ ಬಂದು ನೀನು ತೀರಿಕೊಂಡೆಯೆಂದು ನಿನ್ನ ಜೊತೆಗಾರನೊಬ್ಬ ಕಾಟ್ಟಿಕುಳಂ ಸಂತೆಯಲ್ಲಿ ನನಗೆ ಹೇಳಿದ. ಅವ್ವನಿಗೆ ನಾನಿನ್ನೂ ಹೇಳಿಲ್ಲ.

ಇವತ್ತು ಬೆಳಗ್ಗೆ ಹೊಳೆಯ ಮಂಜು ಅಂಗಳದವರೆಗೂ ಬಂದಿತ್ತು. ಬಿದಿರು ಮೆಳೆ, ಬೇಲಿ, ಎತ್ತುಗಳು ಎಲ್ಲವೂ ನೆಲ ಬಿಟ್ಟು ತೇಲುತ್ತಿರುವಂತೆ ಕಾಣುತ್ತಿದ್ದವು. ಆ ಬಿಳುಪಿನೊಳಗಿಂದ ಯಾರೋ ನಡೆದು ಬಂದಾಗ ನೀನೇ ಎಂದುಕೊಂಡೆ. ಬಂದವನು ಶಂಕುಣ್ಣಿ, ನಿನ್ನ ಜೊತೆಗಿದ್ದ ನಕ್ಸಲರನ್ನು ಹುಡುಕಲು ನಮ್ಮೂರಲ್ಲಿ ಬೀಡುಬಿಟ್ಟಿರುವ ಪಾಲಕ್ಕಾಡಿನ ಪೊಲೀಸ. ಚಳಿಗೆ ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಅವ್ವ ಅವನನ್ನು ಬೆಂಕಿಯ ಹತ್ತಿರ ಕೂರಿಸಿದಳು.

“ನಮ್ಮೂರ ಬಿಸಿಲು ತಾಳಬಹುದು ಅಮ್ಮೇ, ಈ ತಣುಪ್ಪು ಆಗಲ್ಲ,” ಎಂದ.

“ಚಳಿಗೆ ಬೆಂಕಿ ಉಂಟು ಮಗಾ. ಬಿಸಿಲಿಗೆ ಏನು ಮಾಡ್ತೀಯ?” ಎಂದಳು ಅವ್ವ. ಚಳಿಯೇ ಕಷ್ಟವೆಂದು ನಾನು ಜಗಳವಾಡಿದಾಗೆಲ್ಲ ನೀನೂ ಹಾಗೇ ಹೇಳುತ್ತಿದ್ದೆ. ಆಮೇಲೆ ಅವಳು ಕೇಳಿದಳು: “ನನ್ ಮಗ ಇರೋ ಜೈಲು ಘಟ್ಟದ ಕೆಳಗೆ. ಅಲ್ಲೂ ಇಂಥಾ ಚಳಿ ಉಂಟಾ?”

ನೀನು ತೀರಿಕೊಂಡ ವಿಷಯ ಶಂಕುಣ್ಣಿಗೆ ಗೊತ್ತಿತ್ತು. ನನ್ನ ಮುಖ ನೋಡಿದ. ಹೇಳಬೇಡವೆಂದು ನಾನು ತಲೆಯಾಡಿಸಿದೆ.

“ಇಲ್ಲ ಅಮ್ಮೇ. ಅಲ್ಲಿ ಚಳಿಯೇ ಇಲ್ಲ.”

ನೀನು ಬಂದರೆ ಬೇಕೆಂದು ತಾನೂ ಹೊದೆಯದೆ ಎತ್ತಿಟ್ಟಿದ್ದ ಕರಿ ಕಂಬಳಿಯನ್ನು ಅವ್ವ ಒಳಗಿಂದ ತಂದು ಅವನ ಹೆಗಲಿಗೆ ಹೊದಿಸಿದಳು.

“ಹಂಗಾದ್ರೆ ಅವನು ಬೆಚ್ಚಗವ್ನೆ. ಇದು ನಿನಗಿರಲಿ.”

ಶಂಕುಣ್ಣಿ ಕಂಬಳಿಯ ಅಂಚು ಹಿಡಿದು ತಲೆ ತಗ್ಗಿಸಿ ಕೂತುಬಿಟ್ಟ. ಅವ್ವ ಬಹಳ ದಿನಗಳ ಮೇಲೆ ನಗುತ್ತಿದ್ದಳು, ಅಣ್ಣ.

ನಿನ್ನ ತಂಗಿ,
ಸಣ್ಣಿ