ನಮ್ಮ ಮನೆಯ ಜಗಳಗಳು ಮಾರಾಟಕ್ಕಿವೆ

ಮಾರ್ಚ್ ೯, ಭಾನುವಾರ

ನನ್ನ ಮುದ್ದಿನ ತಂಗಿಗೆ,

ಅಕ್ಕನ ಆಶೀರ್ವಾದ. ಪತ್ರ ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಪುಸ್ತಕ ಬರೆದರೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ; ಅಚ್ಚಾದ ಮೇಲೆಯೇ ಶುರು! ನಿನ್ನ ಭಾವನ ಜೊತೆ ಇಷ್ಟು ವರ್ಷ ಆಡಿದ ಜಗಳಗಳನ್ನೆಲ್ಲ ಬರೆದು, ಕೈಯಿಂದ ಹಣ ಹಾಕಿ ಅಚ್ಚು ಹಾಕಿಸಿದೆನಲ್ಲ, ಆ ಪುಸ್ತಕದ ಕಟ್ಟುಗಳು ಮಂಚದ ಕೆಳಗೆ ತುಂಬಿ ಕಸ ಗುಡಿಸಲೂ ಜಾಗವಿರಲಿಲ್ಲ. ಪುಸ್ತಕದಂಗಡಿಯವನು ಐದು ಪ್ರತಿ ತೆಗೆದುಕೊಂಡು ಅಡುಗೆ ಪುಸ್ತಕಗಳ ಹಿಂದೆ ತುರುಕಿದ. "ಹೆಸರಿಲ್ಲದವರ ಪುಸ್ತಕ ಯಾರು ಕೊಳ್ತಾರಮ್ಮ?" ಅಂದ.

ನನಗೆ ಹಠ ಹುಟ್ಟಿತು. ಜಗಳ ಎಲ್ಲಿದೆಯೋ ಅಲ್ಲಿಗೇ ಹೋಗೋಣವೆಂದು, ವಿಚ್ಛೇದನದ ಕೇಸು ನಡೆಸುವ ವಕೀಲರ ಆಫೀಸಿಗೆ ಹೋದೆ. ಕಕ್ಷಿದಾರರು ಕಾಯುವ ಬೆಂಚಿನ ಪಕ್ಕ ಒಂದು ಕಟ್ಟು ಇಡಲು ಪಾಪ, ಒಪ್ಪಿದರು. ವಾರದೊಳಗೆ ವಕೀಲರ ಫೋನು:

"ಅಮ್ಮಾ, ಮೊದಲು ಬಂದು ನಿಮ್ಮ ಪುಸ್ತಕ ಎತ್ಕೊಂಡು ಹೋಗಿ! ಗಂಡ ಆ ಮೂಲೇಲಿ, ಹೆಂಡತಿ ಈ ಮೂಲೇಲಿ ಕೂತು ಓದ್ತಿದ್ರು. ಹಾಸಿಗೆ ಮೇಲೆ ಒದ್ದೆ ಟವೆಲ್ ಎಸೆಯೋ ಜಗಳ ಬಂತು ನೋಡಿ, ಇಬ್ಬರೂ ಬಿದ್ದು ಬಿದ್ದು ನಕ್ಕು ಒಂದೇ ಸ್ಕೂಟರಲ್ಲಿ ಮನೆಗೆ ಹೋದ್ರು. ನನ್ನ ಹೊಟ್ಟೆ ಮೇಲೆ ಯಾಕಮ್ಮ ಹೊಡೀತೀರಿ?"

ತರಲು ಹೋದರೆ ಅಲ್ಲಿ ಪುಸ್ತಕವೇ ಇಲ್ಲ. ವಕೀಲರ ಹೆಂಡತಿಯೇ ಎಲ್ಲ ಕೊಂಡು ಗೆಳತಿಯರಿಗೆ ಹಂಚಿಬಿಟ್ಟಿದ್ದರು! ಸುದ್ದಿ ತಿಳಿದು, ಮದುವೆ ಫೋಟೋ ತೆಗೆಯುವವನು ತಾನಾಗಿಯೇ ಮನೆ ಹುಡುಕಿಕೊಂಡು ಬಂದ. "ಆಲ್ಬಮ್ ಜೊತೆ ಒಂದೊಂದು ಕೊಡ್ತೀನಿ ಆಂಟಿ. ಮಿಕ್ಸಿ ಜೊತೆ ಗ್ಯಾರಂಟಿ ಕಾರ್ಡ್ ಕೊಡಲ್ವಾ, ಹಾಗೆ." ಹಾಸಿಗೆ ಅಂಗಡಿಯವರಂತೂ ಗೊರಕೆಯ ಅಧ್ಯಾಯ ಓದಿ, ಜೋಡಿ ಹಾಸಿಗೆ ಕೊಂಡವರಿಗೆ ಕೊಡಲು ಎರಡು ಕಟ್ಟು ಒಯ್ದರು. ಈಗ ಮಂಚದ ಕೆಳಗೆ ನೆಲ ಕಾಣುತ್ತಿದೆ ಕಣೇ. ಎರಡನೇ ಸಲ ಅಚ್ಚಿಗೆ ಕೊಡಬೇಕು.

ನೀನೂ ನಿನ್ನ ಯಜಮಾನರೂ ಬಾಯ್ತುಂಬ ಜಗಳವಾಡಿಕೊಂಡು ನೂರು ಕಾಲ ಬಾಳಿ.

ಇಂತು ನಿನ್ನ
ಅಕ್ಕ

ತಾ.ಕ.: ಭಾವ ಏನಂದರು ಎಂದು ನೀನು ಕೇಳಿದ್ದೆಯಲ್ಲ. ಏನೂ ಅನ್ನುತ್ತಿಲ್ಲ, ಅದೇ ನೋಡು ಸಂಕಟ. ಬೀದಿಯಲ್ಲಿ ಯಾರೋ, "ಆ ಪುಸ್ತಕದ ಗಂಡ ಇವರೇ ಕಣ್ರೋ!" ಎಂದು ನಕ್ಕರಂತೆ. ಅಂದಿನಿಂದ ನನ್ನ ಹತ್ತಿರ ನೆಂಟರ ಹಾಗೆ ಮಾತಾಡುತ್ತಾರೆ, 'ದಯವಿಟ್ಟು' ಸೇರಿಸಿ. ನಿನ್ನೆ ಬೇಕೆಂದೇ ಕಾಫಿಗೆ ಉಪ್ಪು ಹಾಕಿ ಕೊಟ್ಟು, ಈಗ ಕೂಗುತ್ತಾರೆ, ಈಗ ಕೂಗುತ್ತಾರೆ ಎಂದು ಬಾಗಿಲ ಹಿಂದೆ ಕಾದು ನಿಂತೆ. ಕೊನೆಯ ಗುಟುಕಿನವರೆಗೂ ಕುಡಿದು, "ಚೆನ್ನಾಗಿತ್ತು" ಎಂದು, ಲೋಟ ತೊಳೆದಿಟ್ಟು ಹೋದರು.